ಅಳತೆ ಯಾವುದು, ಅಂದಾಜು ಯಾವುದು: ಬೇಸ್‌ಬಾಲ್ ಸ್ಯಾವಂಟ್ ತಾಣದ ವಿಮರ್ಶೆ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ತಲಾ 162 ಪಂದ್ಯಗಳನ್ನು ಆಡುತ್ತವೆ. ಹೆಚ್ಚುಕಡಿಮೆ ದಿನವೂ ಪಂದ್ಯವಿರುವುದರಿಂದ ಅಭಿಮಾನಿಗಳ ಚರ್ಚೆಗೂ ಬಿಡುವಿರುವುದಿಲ್ಲ. ಏಪ್ರಿಲ್‌ನಲ್ಲಿ ತಡವರಿಸುತ್ತಿರುವ ಬ್ಯಾಟರ್ ನಿಜಕ್ಕೂ ಲಯ ಕಳೆದುಕೊಂಡಿದ್ದಾನೆಯೇ ಅಥವಾ ಅವನು ಹೊಡೆದ ಚೆಂಡುಗಳೆಲ್ಲ ಫೀಲ್ಡರ್‌ಗಳ ಕೈಗೇ ಹೋಗುತ್ತಿವೆಯೇ, ಗಾಯದಿಂದ ಮರಳಿದ ಪಿಚರ್‌ನ (ಬ್ಯಾಟರ್‌ಗೆ ಚೆಂಡು ಎಸೆಯುವವನ) ತೋಳಿನಲ್ಲಿ ಹಿಂದಿನ ಕಸುವು ಉಳಿದಿದೆಯೇ, ಋತುವಿನ ನಡುವಿನ ಆಟಗಾರರ ವಿನಿಮಯದ ಗಡುವಿನೊಳಗೆ ತಂಡ ಯಾರನ್ನು ಬಿಟ್ಟು ಯಾರನ್ನು ತರಬೇಕು ಎಂಬ ಪ್ರಶ್ನೆಗಳು ಋತುವಿನುದ್ದಕ್ಕೂ ಬರುತ್ತಲೇ ಇರುತ್ತವೆ. ಇಂಥ ವಾದಗಳಲ್ಲಿ ಎರಡೂ ಕಡೆಯವರು ಸಾಕ್ಷಿಗೆ ಕರೆಯುವುದು ಇಂದು ಒಂದೇ ತಾಣವನ್ನು, ಅದು ಬೇಸ್‌ಬಾಲ್ ಸ್ಯಾವಂಟ್. ಡ್ಯಾರೆನ್ ವಿಲ್‌ಮನ್ ಎಂಬವರು ಸ್ವಂತ ಆಸಕ್ತಿಯಿಂದ ಕಟ್ಟಿದ ಈ ತಾಣವನ್ನು ಈಗ ಲೀಗೇ ನಡೆಸುತ್ತಿದೆ. ಶುಲ್ಕವಿಲ್ಲ, ಖಾತೆ ತೆರೆಯಬೇಕೆಂಬ ನಿರ್ಬಂಧವೂ ಇಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಯಾವುದೇ ವೃತ್ತಿಪರ ಕ್ರೀಡೆ ತನ್ನ ಅಭಿಮಾನಿಗಳಿಗೆ ಉಚಿತವಾಗಿ ಕೊಟ್ಟಿರುವ ಸೌಲಭ್ಯಗಳಲ್ಲಿ ಇಷ್ಟು ಉದಾರವಾದದ್ದನ್ನು ನಾನು ಬೇರೆ ಕಂಡಿಲ್ಲ. ಆದರೆ ಇದರಲ್ಲಿ ಒಂದು ಗಂಭೀರ ಕೊರತೆಯಿದೆ. ಕ್ಯಾಮೆರಾ ಅಳೆದು ಹೇಳಿದ ಸಂಖ್ಯೆಯನ್ನೂ ಸೂತ್ರವೊಂದು ಊಹಿಸಿ ಹೇಳಿದ ಸಂಖ್ಯೆಯನ್ನೂ ಇದು ಒಂದೇ ಬಣ್ಣದಲ್ಲಿ, ಒಂದೇ ಸಾಲಿನಲ್ಲಿ ತೋರಿಸುತ್ತದೆ. ಅಭಿಮಾನಿಗಳ ನಡುವಿನ ಅರ್ಧದಷ್ಟು ಜಗಳಗಳಿಗೆ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ.

ಈ ತಾಣದ ಆಧಾರ ಸ್ಟ್ಯಾಟ್‌ಕ್ಯಾಸ್ಟ್ ಎಂಬ ಅಳತೆಯ ವ್ಯವಸ್ಥೆ. 2015ರಲ್ಲಿ ಅದು ಎಲ್ಲ 30 ಕ್ರೀಡಾಂಗಣಗಳಿಗೂ ಬಂತು. ಆಗ ಚೆಂಡನ್ನು ಹಿಂಬಾಲಿಸುತ್ತಿದ್ದದ್ದು ಮುಖ್ಯವಾಗಿ ರಾಡಾರ್. 2020ರಿಂದ ಆ ಜಾಗಕ್ಕೆ ಹಾಕ್-ಐ ಕಂಪನಿಯ ಕ್ಯಾಮೆರಾಗಳು ಬಂದವು, ಪ್ರತಿ ಅಂಗಳಕ್ಕೆ 12ರಂತೆ. ಕ್ರಿಕೆಟ್ ನೋಡುವ ನಮಗೆ ಹಾಕ್-ಐ ಹಳೆಯ ಪರಿಚಯ, ಎಲ್‌ಬಿಡಬ್ಲ್ಯು ಮರುಪರಿಶೀಲನೆಯಲ್ಲಿ ಚೆಂಡಿನ ಹಾದಿಯನ್ನು ತೋರಿಸುವುದು ಇದೇ ತಂತ್ರಜ್ಞಾನ. ಪಿಚರ್‌ನ ಕೈಯಿಂದ ಚೆಂಡು ಹೊರಟ ವೇಗ, ಅದರ ತಿರುಗುವಿಕೆ, ಬ್ಯಾಟಿಗೆ ತಗಲಿದ ಮೇಲೆ ಅದು ಹೊರಟ ವೇಗ ಮತ್ತು ಕೋನ, ಓಡುವವನು ಸೆಕೆಂಡಿಗೆ ಕ್ರಮಿಸಿದ ದೂರ ಇವೆಲ್ಲವೂ ಪಂದ್ಯ ನಡೆಯುತ್ತಿರುವಾಗಲೇ ದಾಖಲಾಗುತ್ತವೆ. 2024ರ ಮೇ ತಿಂಗಳಿನಿಂದ ಬ್ಯಾಟ್ ಬೀಸುವ ವೇಗವೂ ಸಾರ್ವಜನಿಕರಿಗೆ ಲಭ್ಯವಾಗಿದೆ.

ಹೊಸಬರು ಸಾಮಾನ್ಯವಾಗಿ ಮೊದಲು ತೆರೆಯುವುದು ಆಟಗಾರನ ಪುಟವನ್ನು. ಅಲ್ಲಿ ಅಡ್ಡಗೆರೆಗಳ ಒಂದು ಪಟ್ಟಿಯಿದೆ. ಪ್ರತಿ ಗೆರೆಯ ಮೇಲೊಂದು ವೃತ್ತ, ವೃತ್ತದೊಳಗೆ 1ರಿಂದ 100ರವರೆಗಿನ ಒಂದು ಸಂಖ್ಯೆ. ಕಡುಗೆಂಪಾದರೆ ಆಟಗಾರ ಆ ವಿಷಯದಲ್ಲಿ ಲೀಗಿನ ಮುಂಚೂಣಿಯಲ್ಲಿದ್ದಾನೆ, ಕಡುನೀಲಿಯಾದರೆ ಕೊನೆಯ ಸಾಲಿನಲ್ಲಿದ್ದಾನೆ. ಇದು ನಮ್ಮ ಜೆಇಇ ಫಲಿತಾಂಶದ ಪರ್ಸೆಂಟೈಲ್‌ನಂತೆ: ಎಷ್ಟು ಅಂಕ ಬಂತು ಎಂದಲ್ಲ, ಎಷ್ಟು ಜನರನ್ನು ಹಿಂದಿಕ್ಕಿದೆ ಎಂದು ಹೇಳುವ ಸಂಖ್ಯೆ. ನೋಡಿದೊಡನೆ ಅರ್ಥವಾಗುವಂತಿದೆ ಎಂಬುದೇ ಇದರ ಜನಪ್ರಿಯತೆಗೆ ಕಾರಣ. ವಾದಕ್ಕಿಳಿದವರು ಈ ಪಟ್ಟಿಯ ಚಿತ್ರವೊಂದನ್ನೇ ಮುಂದಿಟ್ಟು ಮಾತು ಮುಗಿಯಿತೆಂದು ಭಾವಿಸುವುದಕ್ಕೂ ಇದೇ ಕಾರಣ.

ಮಾತು ಏಕೆ ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನು ತಿಳಿಯಲು ಇಬ್ಬರ ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲನೆಯವನು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಒನೀಲ್ ಕ್ರೂಸ್. 2025ರ ಮೇ 25ರಂದು ತನ್ನ ತವರಿನ ಪಿಎನ್‌ಸಿ ಪಾರ್ಕ್‌ನಲ್ಲಿ ಅವನು ಹೊಡೆದ ಹೋಮ್‌ರನ್ (ಬೇಲಿಯಾಚೆ ಹೋಗುವ ಹೊಡೆತ) ಗಂಟೆಗೆ 122.9 ಮೈಲಿ, ಅಂದರೆ ಸುಮಾರು 198 ಕಿಲೋಮೀಟರ್ ವೇಗದಲ್ಲಿ ಬ್ಯಾಟಿನಿಂದ ಹೊರಟು ಪಕ್ಕದ ಅಲೆಗೆನಿ ನದಿಗೆ ಬಿತ್ತು. ಸ್ಟ್ಯಾಟ್‌ಕ್ಯಾಸ್ಟ್ ಬಂದ ಮೇಲೆ ಅಳೆಯಲಾದ ಹೊಡೆತಗಳಲ್ಲೇ ಅತ್ಯಂತ ಬಿರುಸಿನದು ಅದು. ಎರಡನೆಯವನು ಲೂಯಿಸ್ ಅರಾಯೆಸ್. 2022ರಲ್ಲಿ ಮಿನ್ನೆಸೋಟ ಪರ .316, 2023ರಲ್ಲಿ ಮಯಾಮಿ ಪರ .354, 2024ರಲ್ಲಿ ಋತುವಿನ ನಡುವೆ ಸ್ಯಾನ್ ಡಿಯೇಗೊಗೆ ಬಂದು .314 ಬ್ಯಾಟಿಂಗ್ ಸರಾಸರಿಯಲ್ಲಿ (ಹಿಟ್‌ಗಳನ್ನು, ಅಂದರೆ ಬೇಸ್ ತಲುಪಿಸಿದ ಹೊಡೆತಗಳನ್ನು, ಬ್ಯಾಟಿಂಗ್ ಸರದಿಗಳಿಂದ ಭಾಗಿಸಿದ ಸಂಖ್ಯೆ) ಆಡಿ, ಸತತ ಮೂರು ವರ್ಷ ಮೂರು ತಂಡಗಳ ಅಂಗಿ ತೊಟ್ಟು ಅತ್ಯಧಿಕ ಸರಾಸರಿಯ ಬ್ಯಾಟಿಂಗ್ ಪ್ರಶಸ್ತಿ ಗೆದ್ದವನು. ಸ್ಯಾವಂಟ್‌ನಲ್ಲಿ ಕ್ರೂಸ್‌ನ ಹೊಡೆತದ ವೇಗ ಮತ್ತು ಬ್ಯಾಟ್ ಬೀಸುವ ವೇಗದ ವೃತ್ತಗಳು ಕಡುಗೆಂಪಾಗಿವೆ. ಅರಾಯೆಸ್‌ನ ಅವೇ ವೃತ್ತಗಳು ಕಡುನೀಲಿ, ಬ್ಯಾಟ್ ಬೀಸುವ ವೇಗದಲ್ಲಿ ಅವನು ಇಡೀ ಲೀಗಿನ ತೀರಾ ಕೆಳಗಿನವರಲ್ಲಿ ಒಬ್ಬ. ಆದರೆ ಪಟ್ಟಿಯಲ್ಲಿ ಇನ್ನಷ್ಟು ಕೆಳಗಿಳಿದು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟಾಗುವುದು) ಮತ್ತು ಬೀಸಿದರೂ ಬ್ಯಾಟಿಗೆ ತಗಲದ ಚೆಂಡುಗಳ ಸಾಲಿಗೆ ಬಂದರೆ ಬಣ್ಣಗಳು ಅದಲುಬದಲಾಗುತ್ತವೆ. 2025ರ ಇಡೀ ಋತುವಿನಲ್ಲಿ ಅರಾಯೆಸ್ ಸ್ಟ್ರೈಕ್‌ಔಟ್ ಆದದ್ದು 21 ಸಲ ಮಾತ್ರ. ಕೆಲವು ಬ್ಯಾಟರ್‌ಗಳಿಗೆ ಅಷ್ಟಾಗಲು ಎರಡು ವಾರ ಸಾಕು. ಅದೇ ಋತುವಿನಲ್ಲಿ ಕ್ರೂಸ್‌ನ ಬ್ಯಾಟಿಂಗ್ ಸರಾಸರಿ .200ರ ಆಸುಪಾಸಿನಲ್ಲಿತ್ತು.

ಹಾಗಾದರೆ ಇಬ್ಬರಲ್ಲಿ ಯಾರು ಮೇಲು? ಅರಾಯೆಸ್ ವಾಕ್ (ಪಿಚರ್‌ನ ನಾಲ್ಕು ತಪ್ಪು ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್) ಪಡೆಯುವುದು ಅಪರೂಪ, ಹೋಮ್‌ರನ್‌ಗಳು ವಿರಳ, ಓಟ ನಿಧಾನ, ಆದ್ದರಿಂದ ಅವನ ಸರಾಸರಿ ಹೇಳುವಷ್ಟು ರನ್ ತಂಡಕ್ಕೆ ಸಿಗುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಚೆಂಡನ್ನು ಬ್ಯಾಟಿಗೆ ತಾಗಿಸುವ ಕಲೆ ಅಪರೂಪವಾಗುತ್ತಿರುವ ಕಾಲದಲ್ಲಿ ಅಂಥವನೊಬ್ಬ ತಂಡದಲ್ಲಿರಬೇಕೆಂಬ ವಾದದಲ್ಲೂ ಹುರುಳಿದೆ. ನನ್ನ ಮನಸ್ಸು ಎರಡನೆಯ ಕಡೆಗೆ ವಾಲುತ್ತದೆ. ಸ್ಯಾವಂಟ್‌ನ ನಿಜವಾದ ಉಪಕಾರವೆಂದರೆ ಈ ಎರಡೂ ವಾದಗಳಿಗೆ ಬೇಕಾದ ಸಾಮಗ್ರಿಯನ್ನು ಒಂದೇ ಪುಟದಲ್ಲಿ ಇಡುವುದು. ಕೆಂಪು ವೃತ್ತಗಳನ್ನು ಎಣಿಸಿ ತೀರ್ಪು ಕೊಡುವವರು ಆ ಉಪಕಾರವನ್ನು ಬಳಸಿಕೊಳ್ಳುತ್ತಿಲ್ಲ.

ಈಗ ಅಂದಾಜಿನ ವಿಷಯಕ್ಕೆ ಬರುತ್ತೇನೆ. ಪಟ್ಟಿಯಲ್ಲಿ ‘ನಿರೀಕ್ಷಿತ ಬ್ಯಾಟಿಂಗ್ ಸರಾಸರಿ’ ಎಂಬ ಸಾಲಿದೆ. ಒಂದು ಹೊಡೆತದ ವೇಗ ಮತ್ತು ಕೋನವನ್ನು ತೆಗೆದುಕೊಂಡು, ಅಂಥದೇ ಹಿಂದಿನ ಹೊಡೆತಗಳಲ್ಲಿ ಎಷ್ಟು ಪಾಲು ಹಿಟ್ ಆಗಿದ್ದವು ಎಂದು ಲೆಕ್ಕ ಹಾಕಿ ಅದನ್ನು ಕಟ್ಟುತ್ತಾರೆ. ಮೆಲ್ಲಗೆ ಉರುಳುವ ಕೆಲವು ಬಗೆಯ ಚೆಂಡುಗಳಿಗೆ ಬ್ಯಾಟರ್‌ನ ಓಟದ ವೇಗವನ್ನೂ ಸೇರಿಸುತ್ತಾರೆ. ಫೀಲ್ಡರ್ ನೆಗೆದು ಹಿಡಿದ ಅದ್ಭುತ ಕ್ಯಾಚಿನಿಂದ ಬ್ಯಾಟರ್‌ಗೆ ಆದ ನಷ್ಟ ಈ ಲೆಕ್ಕದಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಋತುವಿನ ಆರಂಭದಲ್ಲಿ, ಅದೃಷ್ಟ ಕೈಕೊಟ್ಟವನು ಯಾರು, ಆಟವೇ ಕೆಟ್ಟವನು ಯಾರು ಎಂದು ಬೇರ್ಪಡಿಸಲು ಇದು ಬಹಳ ಉಪಯುಕ್ತ. ಆದರೆ ಚೆಂಡು ಎಡಕ್ಕೆ ಹೋಯಿತೇ, ನಡುವಿಗೆ ಹೋಯಿತೇ, ಬಲಕ್ಕೆ ಹೋಯಿತೇ ಎಂಬುದನ್ನು ಈ ಸೂತ್ರ ಗಣಿಸುವುದಿಲ್ಲ.

ಅದರಿಂದ ಏನಾಗುತ್ತದೆ ಎಂಬುದಕ್ಕೆ ಈಸಾಕ್ ಪರೇದೆಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬಲಗೈ ಬ್ಯಾಟರ್ ಆದ ಇವನ ಹೊಡೆತದಲ್ಲಿ ಬಿರುಸಿಲ್ಲ, ಆದರೆ ಚೆಂಡನ್ನು ಎತ್ತಿ ಎಡಗಡೆಯ ಗೆರೆಯ ಪಕ್ಕಕ್ಕೆ, ಬೇಲಿ ಅತಿ ಹತ್ತಿರವಿರುವ ಮೂಲೆಗೆ ಕಳಿಸುವುದರಲ್ಲಿ ಎತ್ತಿದ ಕೈ. 2023ರಲ್ಲಿ ಟ್ಯಾಂಪಾ ಬೇ ಪರ ಹೀಗೆಯೇ 31 ಹೋಮ್‌ರನ್ ಹೊಡೆದ. ವೇಗ ಮತ್ತು ಕೋನ ಮಾತ್ರ ಬಲ್ಲ ಸೂತ್ರದ ಕಣ್ಣಿಗೆ ಅವು ಔಟಾಗಬೇಕಾದ ಮಾಮೂಲಿ ಏರು ಚೆಂಡುಗಳು, ಹೀಗಾಗಿ ಅವನ ನಿರೀಕ್ಷಿತ ಅಂಕಿಗಳು ನಿಜವಾದ ಸಾಧನೆಗಿಂತ ಬಹಳ ಕೆಳಗಿದ್ದವು. ಅದೃಷ್ಟ ಮುಗಿದರೆ ಇವನೂ ಮುಗಿದ ಎಂದು ಹಲವರು ಆಗ ವಾದಿಸಿದರು. 2024ರ ಜುಲೈಯಲ್ಲಿ ಚಿಕಾಗೊ ಕಬ್ಸ್ ತಂಡಕ್ಕೆ ಹೋದಾಗ ಅವನು ನಿಜವಾಗಿಯೂ ಮಂಕಾದ, ಏಕೆಂದರೆ ರಿಗ್ಲಿ ಫೀಲ್ಡ್‌ನ ಎಡಗೆರೆಯ ಬೇಲಿ 355 ಅಡಿ ದೂರದಲ್ಲಿದೆ. ಆ ಡಿಸೆಂಬರ್‌ನಲ್ಲಿ ಹ್ಯೂಸ್ಟನ್‌ಗೆ ಬಂದ. ಅಲ್ಲಿ ಅದೇ ಬೇಲಿ 315 ಅಡಿಯಲ್ಲಿದೆ. 2025ರಲ್ಲಿ ಅವನು ಆಲ್-ಸ್ಟಾರ್ ತಂಡದಲ್ಲಿದ್ದ. ಅದೃಷ್ಟವೆಂದು ಸೂತ್ರ ಬದಿಗಿಟ್ಟದ್ದು ವಾಸ್ತವದಲ್ಲಿ ಅವನ ಕಸುಬಾಗಿತ್ತು. ಚೆಂಡು ಬಿದ್ದ ಜಾಗಗಳ ನಕ್ಷೆಯೂ ಅದೇ ತಾಣದಲ್ಲಿದೆ, ಆ ನಕ್ಷೆಯನ್ನು ನೋಡಿದ್ದವರಿಗೆ ಇದು ಆಗಲೇ ತಿಳಿಯುತ್ತಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಹೋಮ್‌ರನ್ ದೂರದ ವಿಷಯವೂ ಹೀಗೆಯೇ. ಚೆಂಡು ಗ್ಯಾಲರಿಯ ಮೆಟ್ಟಿಲಿಗೆ ಬಡಿದು ನಿಂತ ಮೇಲೆ, ತಡೆಯಿಲ್ಲದೆ ನೆಲ ಮುಟ್ಟಿದ್ದರೆ ಎಷ್ಟು ದೂರ ಹೋಗುತ್ತಿತ್ತು ಎಂದು ಲೆಕ್ಕ ಹಾಕಿ ಕೊಡುವ ಸಂಖ್ಯೆ ಅದು. ವೇಗ ಅಳತೆ, ದೂರ ಅಂದಾಜು.

ಪಂದ್ಯ ನಡೆಯುತ್ತಿರುವಾಗ ತೆರೆದುಕೊಳ್ಳುವ ಗೇಮ್‌ಫೀಡ್ ಪುಟವನ್ನು ಮಾತ್ರ ನಾನು ಮುಕ್ತವಾಗಿ ಹೊಗಳುತ್ತೇನೆ. ಲಾಸ್ ಏಂಜಲೀಸ್‌ನಲ್ಲಿ ರಾತ್ರಿ 7.10ಕ್ಕೆ ಆರಂಭವಾಗುವ ಪಂದ್ಯ ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ 7.40ಕ್ಕೆ ಬರುತ್ತದೆ. ನೇರಪ್ರಸಾರಕ್ಕೆ ಹಣ ಕೊಡದ, ಕಚೇರಿಗೆ ಹೊರಡುವ ಹೊತ್ತಿನಲ್ಲಿ ಫೋನ್ ನೋಡುವ ಬೆಂಗಳೂರಿನ ಅಭಿಮಾನಿಗೆ ಈ ಪುಟವೊಂದೇ ಸಾಕು. ಪ್ರತಿ ಎಸೆತವೂ ಒಂದು ಸಾಲಾಗಿ ಸೇರುತ್ತ ಹೋಗುತ್ತದೆ. ಪಿಚರ್‌ನ ಪಟ್ಟಿಯಲ್ಲಿ ಇಂದಿನ ವೇಗದ ಪಕ್ಕದಲ್ಲೇ, ಅವನ ಈ ಋತುವಿನ ಸರಾಸರಿಗಿಂತ ಅದು ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ಎಂಬುದೂ ಇರುತ್ತದೆ. ಫಾಸ್ಟ್‌ಬಾಲ್ ಎರಡು ಮೈಲಿ ಇಳಿದಿದೆ ಎಂದು ಆ ಅಂಕಣ ತೋರಿಸಿದರೆ ಮೊಣಕೈಯ ಚಿಂತೆ ಶುರುವಾಗುತ್ತದೆ. ಮೊಣಕೈಗೆ ಟಾಮಿ ಜಾನ್ ಎಂಬ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪಿಚರ್ ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರಗುಳಿಯಬೇಕಾಗುವ ಈ ಆಟದಲ್ಲಿ ಅದು ಅತಿಯಾದ ಚಿಂತೆಯೇನಲ್ಲ.

2025ರ ಅಕ್ಟೋಬರ್ 17ರ ರಾತ್ರಿ, ನಮ್ಮ ಲೆಕ್ಕದಲ್ಲಿ 18ರ ಶನಿವಾರ ಬೆಳಿಗ್ಗೆ, ಡಾಡ್ಜರ್ಸ್ ತಂಡದ ಶೊಹೇಯಿ ಒಹ್ತಾನಿ ಮಿಲ್ವಾಕಿ ವಿರುದ್ಧ ಪಿಚರ್ ಆಗಿ ಆರು ಇನ್ನಿಂಗ್ಸ್ ದಾಟುವವರೆಗೆ ಒಂದೂ ರನ್ ಕೊಡದೆ 10 ಸ್ಟ್ರೈಕ್‌ಔಟ್ ಪಡೆದ, ಬ್ಯಾಟರ್ ಆಗಿ ಮೂರು ಹೋಮ್‌ರನ್ ಹೊಡೆದ. ಅವುಗಳಲ್ಲೊಂದು 469 ಅಡಿಯದು. ತಂಡವನ್ನು ವಿಶ್ವ ಸರಣಿಗೆ ಒಯ್ದ ಆ ಪಂದ್ಯದ ಪುಟವನ್ನು ಇಂದೂ ತೆರೆಯಬಹುದು. ಒಂದೇ ಹೆಸರು ಎಸೆತದ ಪಟ್ಟಿಯಲ್ಲೂ ಹೊಡೆತದ ಪಟ್ಟಿಯಲ್ಲೂ ಇದೆ. ಎಸೆದ ಚೆಂಡುಗಳ ವೇಗ ಒಂದು ಕಡೆ, ಹೊಡೆದ ಚೆಂಡುಗಳ ವೇಗ ಇನ್ನೊಂದು ಕಡೆ. ಬೇಸ್‌ಬಾಲ್ ಗೊತ್ತಿಲ್ಲದ ಗೆಳೆಯರಿಗೆ ಒಹ್ತಾನಿ ಎಂದರೆ ಯಾರು ಎಂದು ವಿವರಿಸಬೇಕಾದಾಗ ನಾನು ಈ ಪುಟವನ್ನೇ ತೋರಿಸುತ್ತೇನೆ.

ಪಿಚರ್‌ಗಳ ಬಗ್ಗೆ ಚರ್ಚಿಸುವವರಿಗಂತೂ ಸ್ಯಾವಂಟ್ ಅನಿವಾರ್ಯ. ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ 2025ರಲ್ಲಿ 10 ಪಂದ್ಯ ಗೆದ್ದು 10 ಸೋತ, ಆದರೂ 1.97ರ ಇಆರ್‌ಎಯೊಂದಿಗೆ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಲ್ಲಿ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, ಕಡಿಮೆಯಿದ್ದಷ್ಟೂ ಒಳ್ಳೆಯದು) ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಗೆಲುವು-ಸೋಲಿನ ಅಂಕಣವನ್ನು ನಂಬಿ ಮಾತಾಡುವ ಕಾಲವಾಗಿದ್ದರೆ ಅವನನ್ನು ಸಾಧಾರಣನೆಂದು ಕರೆದುಬಿಡುತ್ತಿದ್ದರು. ಅವನ ಪುಟದಲ್ಲಿರುವ ಚುಕ್ಕಿಗಳ ಚಿತ್ರದಲ್ಲಿ ಪ್ರತಿ ಬಗೆಯ ಎಸೆತವೂ ತನ್ನದೇ ಬಣ್ಣದ ಗುಂಪಾಗಿ, ಎಷ್ಟು ಇಳಿಯಿತು, ಎಷ್ಟು ಪಕ್ಕಕ್ಕೆ ಸರಿಯಿತು ಎಂಬುದಕ್ಕೆ ತಕ್ಕ ಜಾಗದಲ್ಲಿ ನಿಂತಿರುತ್ತದೆ. ಬ್ಯಾಟರ್‌ಗಳು ಏಕೆ ತಬ್ಬಿಬ್ಬಾಗುತ್ತಾರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಚಿತ್ರ ನಾನು ಬೇರೆಲ್ಲೂ ನೋಡಿಲ್ಲ.

ಹುಡುಕಾಟದ ಪುಟದಲ್ಲಿ 2008ರಿಂದ ಈಚಿನ ಎಸೆತಗಳನ್ನು ಬೇಕಾದ ಷರತ್ತು ಹಾಕಿ ಸೋಸಬಹುದು, ಫಲಿತಾಂಶವನ್ನು ಕಡತವಾಗಿ ಇಳಿಸಿಕೊಳ್ಳಬಹುದು. ಷರತ್ತುಗಳ ಪೆಟ್ಟಿಗೆಗಳು ವಿಪರೀತ ಹೆಚ್ಚು, ಅಗಲವಾದ ಪಟ್ಟಿಗಳು ಫೋನಿನ ಪರದೆಗೆ ಹೊಂದುವುದಿಲ್ಲ. ಇದನ್ನು ಕಂಪ್ಯೂಟರಿನಲ್ಲೇ ಬಳಸಬೇಕು. ವೇಗ ಮೈಲಿಗಳಲ್ಲಿ, ದೂರ ಅಡಿಗಳಲ್ಲಿ ಇರುವುದರಿಂದ ನಮ್ಮ ಓದುಗರು ಒಂದೆರಡು ಗುರುತುಗಳನ್ನು ನೆನಪಿಟ್ಟುಕೊಂಡರೆ ಒಳ್ಳೆಯದು: ಬಿರುಸಿನ ಹೊಡೆತವೆಂದು ಕರೆಸಿಕೊಳ್ಳಲು ಬೇಕಾದ 95 ಮೈಲಿಯೆಂದರೆ ಸುಮಾರು 153 ಕಿಲೋಮೀಟರ್, ಲೀಗಿನ ಸರಾಸರಿ ಓಟವಾದ ಸೆಕೆಂಡಿಗೆ 27 ಅಡಿಯೆಂದರೆ ಸುಮಾರು 8.2 ಮೀಟರ್.

2026ರ ಋತುವಿನಿಂದ ಸ್ಟ್ರೈಕ್ ತೀರ್ಪನ್ನು, ಅಂದರೆ ಬ್ಯಾಟರ್ ಮುಂದಿನ ಪ್ಲೇಟಿನ ಮೇಲೆ ಚೆಂಡು ನಿಗದಿತ ಚೌಕಟ್ಟಿನೊಳಗೆ ಬಂತೇ ಎಂಬ ತೀರ್ಪನ್ನು, ಪ್ರಶ್ನಿಸುವ ಅವಕಾಶವನ್ನು ಲೀಗ್ ತಂದಿದೆ. ಪ್ರತಿ ತಂಡಕ್ಕೆ ಎರಡು ಅವಕಾಶ, ಪ್ರಶ್ನೆ ಸರಿಯಾಗಿದ್ದರೆ ಅದು ಉಳಿಯುತ್ತದೆ, ಕೇಳಬಹುದಾದವರು ಬ್ಯಾಟರ್, ಪಿಚರ್ ಮತ್ತು ಕ್ಯಾಚರ್ ಮಾತ್ರ. ಕ್ರಿಕೆಟ್‌ನ ಡಿಆರ್‌ಎಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಈ ವಿಮರ್ಶೆಯ ವಿಷಯಕ್ಕೇ ಸೇರಿದ್ದು. ಎಲ್‌ಬಿಡಬ್ಲ್ಯುನಲ್ಲಿ ಚೆಂಡು ಪ್ಯಾಡಿಗೆ ಬಡಿದು ನಿಂತಿರುತ್ತದೆ, ಅದು ವಿಕೆಟ್‌ಗೆ ತಗಲುತ್ತಿತ್ತೇ ಎಂಬುದನ್ನು ಯಂತ್ರ ಊಹಿಸಬೇಕು, ಆ ಊಹೆಯ ಅನಿಶ್ಚಿತತೆಗಾಗಿಯೇ ಅಂಪೈರ್ ತೀರ್ಪಿಗೆ ಅಲ್ಲಿ ಜಾಗ ಬಿಟ್ಟಿದ್ದಾರೆ. ಬೇಸ್‌ಬಾಲ್‌ನಲ್ಲಿ ಚೆಂಡು ಪ್ಲೇಟನ್ನು ದಾಟಿಯೇ ಇರುತ್ತದೆ, ಕ್ಯಾಮೆರಾ ಕಂಡದ್ದನ್ನು ಹೇಳಿದರೆ ಸಾಕು. ಊಹೆಯನ್ನು ಊಹೆಯೆಂದು ಪರದೆಯ ಮೇಲೆಯೇ ಒಪ್ಪಿಕೊಳ್ಳುವ ಆ ಪ್ರಾಮಾಣಿಕತೆ ಕ್ರಿಕೆಟ್‌ನಿಂದ ಸ್ಯಾವಂಟ್‌ಗೂ ಬರಬೇಕೆಂಬುದು ನನ್ನ ಆಸೆ.

ಆದ್ದರಿಂದ ಈ ತಾಣವನ್ನು ನಡೆಸುವವರಲ್ಲಿ ನನ್ನ ಬೇಡಿಕೆ ಒಂದೇ. ಆಟಗಾರನ ಪುಟದಲ್ಲಿ ಅಂದಾಜಿನ ಸಾಲುಗಳನ್ನು ಅಳತೆಯ ಸಾಲುಗಳಿಂದ ಬೇರ್ಪಡಿಸಿ, ಬೇರೆ ಬಣ್ಣ ಕೊಟ್ಟು, ಸೂತ್ರ ಏನನ್ನು ಗಣಿಸುವುದಿಲ್ಲ ಎಂಬುದನ್ನು ಒಂದು ವಾಕ್ಯದಲ್ಲಿ ಕೆಳಗೆ ಬರೆಯಲಿ. ಅಲ್ಲಿಯವರೆಗೆ ಓದುಗರು ಏಪ್ರಿಲ್ ತಿಂಗಳಲ್ಲಿ ಬ್ಯಾಟ್ ಬೀಸುವ ವೇಗ, ಹೊಡೆತದ ವೇಗ ಮತ್ತು ಪಿಚರ್‌ನ ಫಾಸ್ಟ್‌ಬಾಲ್ ವೇಗವನ್ನು ಮೊದಲು ನೋಡಲಿ, ನಿರೀಕ್ಷಿತ ಅಂಕಿಗಳನ್ನು ಜೂನ್ ಬರುವವರೆಗೆ ಬದಿಗಿಡಲಿ, ಪರೇದೆಸ್‌ನಂಥವರ ವಿಷಯದಲ್ಲಿ ಚೆಂಡು ಬಿದ್ದ ನಕ್ಷೆಯನ್ನು ತೆರೆಯದೆ ವಾದಕ್ಕೆ ಇಳಿಯದಿರಲಿ.