ಓವರ್‌ಕ್ಲಾಕ್, ಕಂಪನಿ ಸೆಟ್ಟಿಂಗ್, ಅಂಡರ್‌ವೋಲ್ಟ್: ಹುಬ್ಬಳ್ಳಿ ಬೇಸಗೆಗೆ ಒಗ್ಗಿದ್ದು ಯಾವುದು?

ಕಂಪ್ಯೂಟರ್ ಚಿಪ್ಪನ್ನು ಕಂಪನಿ ಇಟ್ಟದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು ಓವರ್‌ಕ್ಲಾಕ್, ಕಡಿಮೆ ವೋಲ್ಟೇಜಿನಲ್ಲಿ ಓಡಿಸುವುದು ಅಂಡರ್‌ವೋಲ್ಟ್. ನನ್ನ ಮತ ಅಂಡರ್‌ವೋಲ್ಟ್‌ಗೆ. ಎರಡು ಲಗ್ನದ ಹಂಗಾಮು ಮೂರನ್ನೂ ಓಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ನನ್ನದು ರೈಜನ್ 5 5600ಎಕ್ಸ್ ಚಿಪ್, ಮೇಲೆ ಸಾಧಾರಣ ಟವರ್ ಕೂಲರ್. ಕೆಲಸ ಮದುವೆ ವಿಡಿಯೊ ಎಡಿಟಿಂಗ್. ವಿದ್ಯಾನಗರದ ಮನೆಯ ಮೇಲಿನ ಖೋಲಿ, ತಲೆ ಮೇಲೆ ಬರೀ ಸ್ಲ್ಯಾಬ್. ಏಪ್ರಿಲ್ ಮಧ್ಯಾಹ್ನ ಒಳಗೇ 36 ಡಿಗ್ರಿ. ಏಸಿ ಇಲ್ಲ.

ಮೊದಲು ಓವರ್‌ಕ್ಲಾಕ್: ಎಲ್ಲ ಕೋರ್‌ಗೂ (ಚಿಪ್ಪಿನೊಳಗೆ ಲೆಕ್ಕ ಮಾಡುವ ಆರು ಘಟಕಗಳಿಗೂ) 4.7 ಗಿಗಾಹರ್ಟ್ಸ್, 1.35 ವೋಲ್ಟ್. ವೇಗ ಏರಿದಷ್ಟೇ ಶಾಖ ಏರುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಶಾಖ ವೇಗದ ಜೊತೆಗೆ ವೋಲ್ಟೇಜಿನ ವರ್ಗದ ಲೆಕ್ಕದಲ್ಲೂ ಏರುತ್ತದೆ. ಕಂಪನಿ ಸೆಟ್ಟಿಂಗ್‌ನಲ್ಲಿ ರೆಂಡರ್ (ಎಡಿಟ್ ಆದ ವಿಡಿಯೊವನ್ನು ಕಂಪ್ಯೂಟರ್ ಕಡೆಯ ಫೈಲ್ ಮಾಡುವ ಕೆಲಸ) ಹೊತ್ತಿಗೆ 4.4 ಗಿಗಾಹರ್ಟ್ಸ್, 1.2 ವೋಲ್ಟ್ ಇರುತ್ತಿತ್ತು. ಅಲ್ಲಿಂದ ಇಲ್ಲಿಗೆ ವೇಗ ಶೇ 7 ಹೆಚ್ಚಾದರೆ ಶಾಖ ಸುಮಾರು ಶೇ 35 ಹೆಚ್ಚು. 40 ನಿಮಿಷದ ರೆಂಡರ್ 37 ನಿಮಿಷ ಚಿಲ್ಲರೆಗೆ ಬಂತು, ಚಿಪ್ ಮಾತ್ರ 73ರಿಂದ 88 ಡಿಗ್ರಿಗೆ ಹೋಯಿತು. ಅದರ ಮಿತಿಯೇ 95. ಚಹಾ ಕೊಡಲು ಬಂದ ಅವ್ವ, ‘ಏನೋ ಇದು, ಖೋಲಿ ಅನ್ನೂದು ಒಲಿ ಆಗೇತಲ್ಲೋ’ ಅಂದಳು.

ಲಿಕ್ವಿಡ್ ಕೂಲರ್ ಹಾಕಿಸು ಎಂದು ಗೆಳೆಯರು ಹೇಳಿದರು. ಅದು ಚಿಪ್ಪನ್ನು ತಣ್ಣಗಿಡುತ್ತದೆ, ಖೋಲಿಯನ್ನಲ್ಲ. ಎಳೆದುಕೊಂಡ ಅಷ್ಟೂ ವ್ಯಾಟ್ ಕಡೆಗೆ ಖೋಲಿಯ ಗಾಳಿಗೇ ಬರುತ್ತದೆ.

ಕಂಪನಿ ಸೆಟ್ಟಿಂಗ್ ಬಗ್ಗೆ ತಕರಾರಿಲ್ಲ. 76 ವ್ಯಾಟ್ ದಾಟುವುದಿಲ್ಲ. ಬಯಾಸ್ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟ) ಮುಟ್ಟಲು ಮನಸ್ಸಿಲ್ಲದವರು ಹಾಗೇ ಬಿಡಿ.

ಅಂಡರ್‌ವೋಲ್ಟ್ ಮಾಡಿದ್ದು ಬಯಾಸ್‌ನ ಕರ್ವ್ ಆಪ್ಟಿಮೈಸರ್‌ನಲ್ಲಿ. ಅಲ್ಲಿ ಮೈನಸ್ ಅಂಕಿ ದೊಡ್ಡದಾದಷ್ಟೂ ಆ ಕೋರ್‌ಗೆ ವೋಲ್ಟೇಜ್ ಕಡಿಮೆ. ಅದೇ 76 ವ್ಯಾಟ್‌ನಲ್ಲಿ 4.55 ಗಿಗಾಹರ್ಟ್ಸ್ ಸಿಕ್ಕಿತು, ರೆಂಡರ್ 39 ನಿಮಿಷದೊಳಗೆ ಮುಗಿಯಿತು. ಒಂದೇ ಒಂದು ಕಾಟ ಮಾತ್ರ ಹದಿನೈದು ದಿನ ಬೆನ್ನು ಹತ್ತಿತು. ಎಲ್ಲ ಕೋರ್‌ಗೂ ಮೈನಸ್ 30 ಕೊಟ್ಟಿದ್ದೆ. ಹಗಲೆಲ್ಲ ರೆಂಡರ್ ಹಚ್ಚಿದರೂ ಏನೂ ಆಗುತ್ತಿರಲಿಲ್ಲ. ರಾತ್ರಿ ಸುಮ್ಮನೆ ಬಿಟ್ಟು ಊಟಕ್ಕೆ ಇಳಿದು ಬಂದರೆ ರೀಸ್ಟಾರ್ಟ್ ಆಗಿರುತ್ತಿತ್ತು. ಸೇವ್ ಮಾಡದ ಒಂದು ಟೈಮ್‌ಲೈನ್ ಹೋಯಿತು.

ರ್‍ಯಾಮ್ ಬದಲಿಸಿದೆ, ಕೇಬಲ್ ಬಿಚ್ಚಿ ಹಾಕಿದೆ, ಕರೆಂಟಿನ ಏರಿಳಿತ ಇರಬೇಕೆಂದು ಸ್ಟೆಬಿಲೈಜರ್ ತಂದೆ. ಕಾರಣ ಬೇರೆಯೇ ಇತ್ತು. ಭಾರ ಇಲ್ಲದ ಹೊತ್ತಿನಲ್ಲೇ ಒಂದೊಂದು ಕೋರ್ ಗರಿಷ್ಠ ವೇಗಕ್ಕೆ ಚಿಮ್ಮುತ್ತದೆ, ಆ ಕ್ಷಣಕ್ಕೆ ವೋಲ್ಟೇಜ್ ಸಾಲದೆ ಕಂಪ್ಯೂಟರ್ ಬಿದ್ದು ರೀಸ್ಟಾರ್ಟ್ ಆಗುತ್ತದೆ. ಹೆಚ್ಚು ಚಿಮ್ಮುವುದು ಚಿಪ್ಪಿನ ಉತ್ತಮ ಕೋರ್‌ಗಳೇ. ಅಂಥ ಎರಡಕ್ಕೆ ಮೈನಸ್ 10, ಉಳಿದ ನಾಲ್ಕಕ್ಕೆ ಮೈನಸ್ 25 ಇಟ್ಟೆ. ಅಂದಿನಿಂದ ಒಮ್ಮೆಯೂ ಬಿದ್ದಿಲ್ಲ. ನಿಮ್ಮ ಚಿಪ್ಪಿಗೆ ಅಂಕಿ ಬೇರೆ ಆದೀತು. ರೆಂಡರ್ ಅಷ್ಟೇ ಅಲ್ಲ, ಒಂದು ರಾತ್ರಿ ಖಾಲಿ ಬಿಟ್ಟೂ ಪರೀಕ್ಷಿಸಿ.

ದಿನಕ್ಕೆ ಒಂದೇ ರೆಂಡರ್ ಮಾಡುವವರು, ಏಸಿ ಇರುವವರು ಓವರ್‌ಕ್ಲಾಕ್ ಮಾಡಿಕೊಳ್ಳಲಿ. ನಾನು ದಿನಕ್ಕೆ ಎಂಟು ತಾಸು ಆ ಪೆಟ್ಟಿಗೆ ಪಕ್ಕದಲ್ಲೇ ಕೂಡುವವನು. ಲಿಕ್ವಿಡ್ ಕೂಲರ್‌ಗೆಂದು ಎತ್ತಿಟ್ಟ ರೊಕ್ಕದಲ್ಲಿ ಇನ್ವರ್ಟರ್ ಬ್ಯಾಟರಿ ಬದಲಿಸಿದೆ.