ಅವ್ವ ಒಪ್ಪದ ಧ್ವನಿ: ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್‌ನೊಂದಿಗೆ ಮೂರು ವರ್ಷ

ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ಕೊಳ್ಳಲು ಹೊರಟವರು ನನ್ನನ್ನು ಕೇಳಿದರೆ, ಟೇಪನ್ನು ಓದುವ ಹೆಡ್ ಸವೆದಿದೆಯೇ, ಮೀಟರಿನ ಮುಳ್ಳು ಆಡುತ್ತದೆಯೇ ಎಂದು ನೋಡುವುದಕ್ಕೂ ಮೊದಲು ಯಂತ್ರವನ್ನು ತಿರುಗಿಸಿ ಅದರ ಬೆನ್ನು ನೋಡಿ ಎನ್ನುತ್ತೇನೆ. ಅಲ್ಲಿ ವೋಲ್ಟೇಜಿನ ಪಕ್ಕದಲ್ಲಿ ಹರ್ಟ್ಸ್ ಎಂದು ಇನ್ನೊಂದು ಅಂಕಿ ಇರುತ್ತದೆ. ಆ ಅಂಕಿಯ ಕಡೆ ಗಮನ ಕೊಡದೆ ಕೊಂಡದ್ದರಿಂದ ನಾನು ಏಳು ತಿಂಗಳು ಅವ್ವನ ಮಾತನ್ನು ಅಲ್ಲಗಳೆದೆ.

ಯಂತ್ರ ಬೇಕಾದದ್ದು ಮುತ್ಯಾನ ಹಾಡು ಕೇಳಲು. ಅವ್ವನ ತಂದೆ ಆಳಂದ ತಾಲೂಕಿನ ನಮ್ಮೂರಿನ ಭಜನಾ ಮೇಳದಲ್ಲಿ ತತ್ವಪದ ಹಾಡುತ್ತಿದ್ದ. ಎಪ್ಪತ್ತರ ದಶಕದಲ್ಲಿ ಶಾಲೆಯ ಮಾಸ್ತರರೊಬ್ಬರು ರೆಕಾರ್ಡ್ ಮಾಡಿಕೊಟ್ಟ ಏಳು ಸ್ಪೂಲ್‌ಗಳು ಟ್ರಂಕಿನಲ್ಲಿ ಉಳಿದಿದ್ದವು. ಮುತ್ಯಾ ತೀರಿಕೊಂಡಾಗ ನನಗೆ ಎರಡು ವರ್ಷ. ಆ ಧ್ವನಿ ನನಗೆ ನೆನಪಿಲ್ಲ, ಅವ್ವನಿಗೆ ಇದೆ.

ಕಲಬುರಗಿಯ ಮೋಮಿನಪುರದ ಒಂದು ಮನೆಯಲ್ಲಿ ಯಂತ್ರ ಸಿಕ್ಕಿತು. ಆ ಮನೆಯ ಚಾಚಾ ಸೌದಿ ಅರೇಬಿಯಾದಲ್ಲಿ ದುಡಿದು ಮರಳುವಾಗ ತಂದಿದ್ದ ಜಪಾನಿನ ಸ್ಟೀರಿಯೋ ಡೆಕ್ ಅದು. ಕಂಪನಿಯ ಹೆಸರು ಬರೆಯುವುದಿಲ್ಲ. ಸುಮಾರು ಅರ್ಧ ಶತಮಾನ ದಾಟಿದ ಯಂತ್ರದ ದೋಷವನ್ನು ತಯಾರಿಸಿದವರ ಮೇಲೆ ಹೊರಿಸುವುದು ನ್ಯಾಯವಲ್ಲ. ಹದಿನೆಂಟು ಸಾವಿರ ಹೇಳಿ ಹದಿನಾಲ್ಕಕ್ಕೆ ಕೊಟ್ಟರು. ವೋಲ್ಟೇಜಿನ ಗುಂಡಿಯನ್ನು ಅವರೇ 220ಕ್ಕೆ ತಿರುಗಿಸಿ, ಚಹಾ ಕುಡಿಸಿ, ಆಟೋದವರೆಗೆ ಬಂದು ಕಳಿಸಿದರು. ಅವರ ಮೇಲೆ ನನಗೆ ಇಂದಿಗೂ ದೂರಿಲ್ಲ.

ಮೊದಲ ಸ್ಪೂಲ್ ಹಾಕಿದ ಸಂಜೆ ಮನೆಯವರೆಲ್ಲ ಪಡಸಾಲೆಯಲ್ಲಿ ಕುಳಿತಿದ್ದೆವು. ಏಕತಾರಿ ಮೊಳಗಿತು, ಹಾರ್ಮೋನಿಯಂ ಬಂತು, ಆಮೇಲೆ ಗಂಭೀರವಾದ ದಪ್ಪ ಧ್ವನಿಯೊಂದು ನಿಧಾನವಾಗಿ ಪದ ಎತ್ತಿಕೊಂಡಿತು. ನನಗೆ ಮೈ ಜುಮ್ಮೆಂದಿತು. ಅವ್ವ ಎರಡು ನುಡಿ ಕೇಳಿ ಎದ್ದಳು. “ಇವನು ಬೇರೆ ಯಾರೋ. ನಮ್ಮಪ್ಪನ ಗಂಟಲು ಇಷ್ಟು ದಪ್ಪ ಇರಲಿಲ್ಲ” ಎಂದಳು. ಟೇಪ್ ಹಳೆಯದಾಗಿದೆ, ನಿನಗೂ ನೆನಪು ಮಸುಕಾಗಿರಬೇಕು ಎಂದು ನಾನು ಹೇಳಿದೆ. ಆ ಎರಡನೇ ಮಾತನ್ನು ಆಡಬಾರದಿತ್ತು. ಬಜಾರಿನ ರಿಪೇರಿ ಅಂಗಡಿಯೊಂದರಲ್ಲಿ ಬೆಲ್ಟ್ ಬದಲಾಯಿಸಿ 1,800 ರೂಪಾಯಿ ತೆಗೆದುಕೊಂಡು, ಅವರೂ ಟೇಪ್ ಹಳೆಯದು ಎಂದೇ ಹೇಳಿ ಕಳಿಸಿದರು. ಮೋಟಾರನ್ನು ಬಿಚ್ಚಿ ಬೆಲ್ಟ್ ಹಾಕಿದವರಿಗೆ ಬೆಲ್ಟ್ ಕೂರುವ ಗಾಲಿ, ಕಣ್ಣೆದುರಿನ ಆ ಪುಲ್ಲಿ ಕಾಣಲಿಲ್ಲವಲ್ಲ ಎಂದು ನೆನೆದಾಗ ಈಗಲೂ ಸಿಟ್ಟು ಬರುತ್ತದೆ.

ದಾರಿ ತೋರಿಸಿದ್ದು ಮುತ್ಯಾನ ಹಾರ್ಮೋನಿಯಂ. ಅದು ನಮ್ಮ ಮನೆಯಲ್ಲೇ ಇದೆ. ಅವನು ಷಡ್ಜ ಹಿಡಿಯುತ್ತಿದ್ದ ಕರಿ ಒಂದರ, ಅಂದರೆ ಸಪ್ತಕದ ಮೊದಲ ಕಪ್ಪು ಮನೆಯ ಮೇಲೆ ಅರಗಿನ ಬೊಟ್ಟೊಂದು ಇನ್ನೂ ಅಂಟಿಕೊಂಡಿದೆ. ಒಂದು ದಿನ ಅವ್ವ ಅದನ್ನು ತಂದಿಟ್ಟು, “ಇದರ ಜೊತೆ ಕೂಡಿಸಿ ನೋಡು” ಎಂದಳು. ಟೇಪಿನ ಹಾಡು ಕೂಡಿದ್ದು ಕೆಳಗಿನ ಸಪ್ತಕದ ಕರಿ ಐದಕ್ಕೆ. ಸರಿಯಾಗಿ ಮೂರು ಮನೆ ಕೆಳಗೆ! ಹಳೆಯ ಟೇಪಿನಲ್ಲಿ ಧ್ವನಿ ಮಸುಕಾಗಬಹುದು, ನಡುನಡುವೆ ಬಿಟ್ಟುಹೋಗಬಹುದು. ಮೇಳವೆಲ್ಲ ಒಟ್ಟಾಗಿ ಮೂರು ಮನೆ ಇಳಿಯುವುದು ಹೇಗೆ?

ಬಾನುಲಿ ಕೇಂದ್ರವೊಂದರ ತಾಂತ್ರಿಕ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರ ಬಳಿಗೆ ಹೋದೆ. ಅವರು ಮೊದಲಿಗೆ ಯಂತ್ರವನ್ನು ಬಿಚ್ಚಲೇ ಇಲ್ಲ. ಖಾಲಿ ಟೇಪನ್ನು ಒಂಬತ್ತೂವರೆ ಮೀಟರ್ ಅಳೆದು, ಎರಡು ಕಡೆ ಬಿಳಿ ಗುರುತು ಹಾಕಿ, ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್ ವೇಗದಲ್ಲಿ ಓಡಿಸಿದರು. ಮೊದಲ ಗುರುತಿನಿಂದ ಎರಡನೆಯದಕ್ಕೆ ನೂರು ಸೆಕೆಂಡು ಹಿಡಿಯಬೇಕು. ಕೈಗಡಿಯಾರ ನೋಡುತ್ತ ಕುಳಿತೆವು. ಹಿಡಿದದ್ದು ಎರಡು ನಿಮಿಷ. “ಇದು 60 ಹರ್ಟ್ಸಿನ ದೇಶದಿಂದ ಬಂದಿದೆಯಪ್ಪಾ” ಎಂದರು. ಸೌದಿಯಲ್ಲಿ ವಿದ್ಯುತ್ತು ಸೆಕೆಂಡಿಗೆ 60 ಸಲ ಆವರ್ತಿಸುತ್ತದೆ, ನಮ್ಮಲ್ಲಿ 50 ಸಲ. ಈ ಬಗೆಯ ಯಂತ್ರದ ಮೋಟಾರು ಆ ಎಣಿಕೆಗೆ ತಕ್ಕಂತೆ ತಿರುಗುತ್ತದೆ. ವೋಲ್ಟೇಜ್ ಬದಲಿಸಿದ ಮಾತ್ರಕ್ಕೆ ವೇಗ ಸರಿಯಾಗುವುದಿಲ್ಲ. ನನ್ನ ಯಂತ್ರದ ಮೋಟಾರಿನ ಪುಲ್ಲಿಗೆ 60 ಹರ್ಟ್ಸಿಗೆ ಸಣ್ಣದು, 50ಕ್ಕೆ ದೊಡ್ಡದು ಎಂದು ಎರಡು ಮೆಟ್ಟಿಲುಗಳಿದ್ದವು. ಬೆಲ್ಟನ್ನು ಸಣ್ಣದರಿಂದ ದೊಡ್ಡದಕ್ಕೆ ಏರಿಸಿ, ಕೆಪಾಸಿಟರಿನ ಒಂದು ತಂತಿಯನ್ನು ಪಕ್ಕದ ತುದಿಗೆ ಬೆಸೆದರು. ಮತ್ತೆ ಓಡಿಸಿದಾಗ ನೂರೇ ಸೆಕೆಂಡು. ಹಣ ಮುಟ್ಟಲಿಲ್ಲ, ಒಂದು ಸಂಜೆ ಹಾಡು ಕೇಳಿಸು ಎಂದರು.

ಆ ರಾತ್ರಿ ಅವ್ವ ಪದ ಮುಗಿಯುವವರೆಗೂ ಕುಳಿತಿದ್ದಳು. “ಈಗ ಸರಿ. ಆದರೆ ಅಪ್ಪನಿಗೆ ಅವತ್ತು ನೆಗಡಿಯಾಗಿದೆ” ಎಂದಳು. ನಾನು ಮತ್ತೆ ಹಾಕಿ ಕೇಳಿದೆ. ನುಡಿಯ ಕೊನೆಯಲ್ಲಿ ಮೂಗು ಕಟ್ಟಿದ್ದು ನಿಜ.

ಅಂದಿನಿಂದ ಈ ಯಂತ್ರದ ಮೇಲೆ ನನಗೆ ಮೋಹ ಬೆಳೆಯಿತು. ಪ್ರತಿ ಭಾನುವಾರ ಬಿಸಿಲು ಏರುವ ಮೊದಲು ಶಹಾಬಾದ್ ಪರಸಿಯ ತಣ್ಣನೆಯ ನೆಲದ ಮೇಲೆ ಕುಳಿತು ಕೆಲಸ ಶುರು ಮಾಡುತ್ತೇನೆ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಹೆಡ್‌ಗಳನ್ನು ಒರೆಸಿದರೆ ಇಟ್ಟಿಗೆ ಬಣ್ಣದ ಪುಡಿ ಅಂಟಿಕೊಂಡು ಬರುತ್ತದೆ. ರಬ್ಬರಿನ ಉರುಳೆಗೆ ಮಾತ್ರ ಒದ್ದೆ ಬಟ್ಟೆ. ಆಮೇಲೆ ಕಾಲಂಗುಲ ಅಗಲದ ಪಟ್ಟಿಯನ್ನು ಎಡ ಸ್ಪೂಲಿನಿಂದ ಎಳೆದು, ಹೆಡ್‌ಗಳ ಮುಂದಿನ ಸಂದಿನಲ್ಲಿ ಇಳಿಸಿ, ಬಲ ಸ್ಪೂಲಿಗೆ ಬೆರಳಿನಿಂದ ಎರಡು ಸುತ್ತು ಸುತ್ತುತ್ತೇನೆ. ಲೆಕ್ಕದ ಅಂಕಿಗಳನ್ನು ಸೊನ್ನೆಗೆ ತರುತ್ತೇನೆ. ಅಷ್ಟರಲ್ಲಿ ಅವ್ವ ಚಹಾ ತರುತ್ತಾಳೆ. ಟೇಪ್ ಓಡಿಸುವ ಸನ್ನೆಗೋಲು ಒತ್ತಿದಾಗ ಉರುಳೆ ಟೇಪನ್ನು ಕಚ್ಚಿಕೊಳ್ಳುವ ಆ ಮೆತ್ತನೆಯ ‘ಟಕ್’ ಸದ್ದು ಕೇಳಿದರೆ ಸಾಕು, ವಾರದ ದಣಿವು ಹೋಗುತ್ತದೆ. ಮೊಬೈಲಿನಲ್ಲಿ ಹಾಡು ಕೇಳುವಾಗ ನಾನು ನಾಲ್ಕು ಕೆಲಸ ಮಾಡುತ್ತಿರುತ್ತೇನೆ. ಇಲ್ಲಿ ಸ್ಪೂಲ್ ತಿರುಗುವುದನ್ನು ನೋಡುತ್ತಲೇ ಇರುತ್ತೇನೆ.

ಇನ್ನೊಂದು ಸೋಜಿಗವಿದೆ. ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಕಾಂತತ್ವ ಪಕ್ಕದ ಪದರಕ್ಕೆ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಮುತ್ಯಾ ಪದ ಎತ್ತುವ ಕ್ಷಣಕ್ಕೆ ಮುಂಚೆ ಅದೇ ಸಾಲು ದೂರದಿಂದ ಪಿಸುಗುಟ್ಟಿದಂತೆ ಕೇಳುತ್ತದೆ. ಟೇಪನ್ನು ಹಿಂದಕ್ಕೆ ಸುತ್ತದೆ, ಹಾಡು ಮುಗಿದ ತುದಿ ಹೊರಗಿರುವಂತೆಯೇ ಇಟ್ಟರೆ ಈ ಮುನ್ನೆರಳು ಕಡಿಮೆ ಎಂದು ಆ ಹಿರಿಯರು ಹೇಳಿದರು. ಈಗ ಹಾಗೆಯೇ ಇಡುತ್ತೇನೆ.

ತೊಂದರೆಗಳೂ ಇವೆ. ಕರೆಂಟ್ ಹೋದರೆ ಟೇಪ್ ಸಡಿಲಾಗಿ ಜೋತುಬೀಳುತ್ತದೆ. ನಮ್ಮ ಮನೆಯ ಇನ್ವರ್ಟರಿನಲ್ಲಿ ಮೋಟಾರು ಗುಂಯ್‌ಗುಡುತ್ತದೆ, ಅದರಲ್ಲಿ ಓಡಿಸುವುದನ್ನೇ ಬಿಟ್ಟೆ. ಬೆಲ್ಟ್, ರಬ್ಬರ್ ಉರುಳೆ, ಎರಡು ಸ್ವಿಚ್ಚು ಸೇರಿ ಮೂರು ವರ್ಷದಲ್ಲಿ ಇನ್ನೂ ಆರು ಸಾವಿರ ಖರ್ಚಾಯಿತು. ಫ್ರಾನ್ಸಿನಲ್ಲಿ ಈಗಲೂ ಹೊಸ ಟೇಪ್ ತಯಾರಾಗುತ್ತದೆ, ಆದರೆ ನನ್ನ ಸಂಬಳದಲ್ಲಿ ಹವ್ಯಾಸಕ್ಕಾಗಿ ಅದನ್ನು ಕೊಳ್ಳಲಾಗದು. ಹೊಸದಾಗಿ ರೆಕಾರ್ಡ್ ಮಾಡುವ ಆಸೆಯಿದ್ದವರು ಈ ಲೆಕ್ಕ ಹಾಕಿಕೊಳ್ಳಬೇಕು. ಮನೆಯಲ್ಲಿ ಹಳೆಯ ಸ್ಪೂಲ್ ಇದ್ದವರು ಮಾತ್ರ ಹಿಂದೆಮುಂದೆ ನೋಡದೆ ಕೊಳ್ಳಲಿ.

ಬಲಗಡೆಯ ಸ್ಪೀಕರಿನಲ್ಲಿ ಮೊದಲಿನಿಂದಲೂ ಯಾರೋ ಅರ್ಥವಾಗದ ಭಾಷೆಯಲ್ಲಿ ಗೊಣಗುವ ಸದ್ದಿತ್ತು. ಮಾಸ್ತರರ ಯಂತ್ರ ಮೋನೋ, ಒಂದು ಸಲಕ್ಕೆ ಒಂದೇ ಪಟ್ಟಿ ಬರೆಯುವಂಥದ್ದು. ಅದು ಟೇಪಿನ ಅಗಲದ ಅರ್ಧದಲ್ಲಿ ಒಂದು ಬದಿ, ಇನ್ನರ್ಧದಲ್ಲಿ ಇನ್ನೊಂದು ಬದಿ ಬರೆದಿತ್ತು. ನನ್ನ ಸ್ಟೀರಿಯೋ ಹೆಡ್ ಎರಡನ್ನೂ ಒಮ್ಮೆಗೇ ಓದುತ್ತಿತ್ತು, ಎರಡನೆಯದನ್ನು ಹಿಂದುಮುಂದಾಗಿ. ಬಲಗಡೆಯ ಧ್ವನಿ ಮುಚ್ಚಿ, ಸ್ಪೂಲ್ ಮಗುಚಿ ಹಾಕಿದಾಗ ಇನ್ನಷ್ಟು ಹಾಡುಗಳು ಸಿಕ್ಕವು. ನಾಲ್ಕನೆಯ ಸ್ಪೂಲಿನ ಆ ಬದಿಯಲ್ಲಿ ಹಾಡಿನ ನಡುವೆ ಒಬ್ಬ ಹೆಂಗಸು “ರೊಟ್ಟಿ ಆರುತ್ತಿವೆ, ಏಳಿ” ಎಂದು ಒಳಗಿನಿಂದ ಕೂಗುತ್ತಾಳೆ. ಮೇಳ ನಿಲ್ಲುವುದಿಲ್ಲ. ಆಕೆ ಎರಡನೇ ಸಲ ಕೂಗುವ ಹೊತ್ತಿಗೆ ಅವ್ವ ಆಗಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸದ್ದು ಜೋರು ಮಾಡು ಎಂದು ನನಗೆ ಕೈಸನ್ನೆ ಮಾಡುತ್ತಿದ್ದಳು.