ಟ್ರೇಲರ್ ಹಿಂದೆ ನಂಬರ್ ಬರೆದಿದ್ದರೆ ಪಾಸಿಂಗ್ ಆಗಿದೆ ಎಂದು ನಂಬಬೇಡಿ

ಈ ಕಬ್ಬಿನ ಹಂಗಾಮಿಗೆ ಹೊಸ ಟ್ರೇಲರ್ ಮಾಡಿಸುತ್ತಿರುವ ರೈತರು ಹಣ ಕೊಡುವ ಮೊದಲು ಇದನ್ನು ಓದಿ. ಎರಡು ಹಂಗಾಮು ನಾನು ಬೇರೆಯವರ ನಂಬರ್ ಹೊತ್ತ ಟ್ರೇಲರನ್ನು ಸಾರ್ವಜನಿಕ ರಸ್ತೆಯಲ್ಲಿ ಎಳೆದಿದ್ದೇನೆ. ನನಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಕೂಡ ನಾಚಿಕೆಯಾಗುತ್ತದೆ, ಏಕೆಂದರೆ ಹದಿನೆಂಟು ವರ್ಷದಿಂದ ಟ್ರ್ಯಾಕ್ಟರ್ ಓಡಿಸುತ್ತಿರುವವನು ನಾನು.

ನಮ್ಮದು ಬಾಗಲಕೋಟೆ ಜಿಲ್ಲೆ, ಘಟಪ್ರಭೆಯ ದಂಡೆಯ ಊರು. 2023ರ ಅಕ್ಟೋಬರ್‌ನಲ್ಲಿ, ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವ ಮುನ್ನ, ಹೆದ್ದಾರಿ ಪಕ್ಕದ ಒಂದು ವರ್ಕ್‌ಶಾಪಿನಲ್ಲಿ ನಾಲ್ಕು ಗಾಲಿಯ ಟ್ರೇಲರ್ ಮಾಡಿಸಿದೆ. ಮಾತು ಎರಡು ಲಕ್ಷ ಹತ್ತು ಸಾವಿರಕ್ಕೆ ಮುಗಿಯಿತು, ಪಾಸಿಂಗ್ ಸಮೇತ, ಅಂದರೆ ಆರ್‌ಟಿಒ ನೋಂದಣಿಯೂ ಸೇರಿ. ಮತ್ತೆ ಹೇಳುತ್ತೇನೆ, ಪಾಸಿಂಗ್ ಸಮೇತ. ಅದರಲ್ಲಿ ಹದಿನೆಂಟು ಸಾವಿರ ಆರ್‌ಟಿಒ ಖರ್ಚೆಂದು ವರ್ಕ್‌ಶಾಪಿನವನೇ ಬಾಯಿಬಿಟ್ಟು ಹೇಳಿದ್ದ. ಬಿಲ್ ಕೇಳಿದ್ದಕ್ಕೆ, "ತಮ್ಮಾ, ಬಿಲ್ ಹಾಕಿದರೆ ನಿನಗೇ ತೆರಿಗೆಯ ಭಾರ" ಎಂದು ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಮೊತ್ತ ಬರೆದುಕೊಟ್ಟ. ನಾನು ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ನಮ್ಮ ಕಡೆ ಇಂಥ ವ್ಯವಹಾರ ನಡೆಯುವುದೇ ಹೀಗೆ, ನಿಮಗೂ ಗೊತ್ತಿದೆ.

ಹದಿನೈದು ದಿನ ಬಿಟ್ಟು ಹೋದಾಗ ಟ್ರೇಲರ್ ಸಿದ್ಧವಾಗಿತ್ತು. ಹಿಂಬದಿಯ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ನಮ್ಮ ಜಿಲ್ಲೆಯ ಟಿ ಸರಣಿಯ ನಂಬರ್, ಪೇಂಟರ್ ಕೈಯಲ್ಲಿ ಚೆಂದವಾಗಿ ಬರೆಸಿದ್ದ. "ನೋಡು ತಮ್ಮಾ, ನಂಬರ್ ಬಂದಾಯಿತು" ಎಂದ. ಕೊಂಡಿ ಸಿಕ್ಕಿಸಿಕೊಂಡು ಬಂದು, ಊರ ಹನುಮಪ್ಪನ ಗುಡಿಯ ಮುಂದೆ ನಿಲ್ಲಿಸಿ ಕಾಯಿ ಒಡೆದೆ.

ಆರ್.ಸಿ. (ನೋಂದಣಿ ಪತ್ರ) ಎಲ್ಲಿ ಎಂದು ನಾನು ಕೇಳಲಿಲ್ಲವೆಂದುಕೊಳ್ಳಬೇಡಿ. ಕೇಳಿದ್ದೇನೆ. ಡಿಸೆಂಬರ್‌ನಲ್ಲಿ ಕೇಳಿದಾಗ "ಸ್ಮಾರ್ಟ್ ಕಾರ್ಡ್ ಬರುವುದು ತಡ, ಎಲ್ಲರದ್ದೂ ನಿಂತಿದೆ" ಎಂದ. ಯುಗಾದಿ ಮುಗಿದ ಮೇಲೆ ಕೇಳಿದಾಗ "ಆರ್‌ಟಿಒ ಏಜೆಂಟನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ" ಎಂದ. ಮಳೆಗಾಲದಲ್ಲಿ ಕೇಳಿದಾಗ ಬೇರೆ ದಾರಿ ಹಿಡಿದ: "ನಿನ್ನ ಹತ್ತಿರ ಟ್ರ್ಯಾಕ್ಟರ್ ಲೈಸೆನ್ಸ್ ಇದೆಯಲ್ಲ? ಅದರಲ್ಲೇ ಟ್ರೇಲರ್ ನಡೆಯುತ್ತದೆ. ಸುಪ್ರೀಂ ಕೋರ್ಟೇ ಹೇಳಿದೆ."

ಈ ಮಾತಿಗೇ ನಾನು ಸೋತದ್ದು. ಏಕೆಂದರೆ ಅದು ಪೂರ್ತಿ ಸುಳ್ಳಲ್ಲ. ಟ್ರ್ಯಾಕ್ಟರ್ ಓಡಿಸುವ ಪರವಾನಗಿ ಇದ್ದವನು ಹಿಂದೆ ಟ್ರೇಲರ್ ಕಟ್ಟಿಕೊಂಡ ಮಾತ್ರಕ್ಕೆ ಅವನ ಪರವಾನಗಿ ಅಸಿಂಧುವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ನಾಗಶೆಟ್ಟಿ ಎನ್ನುವವರ ಪ್ರಕರಣದಲ್ಲಿ ಹೇಳಿದೆ. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಕೂಡ, ಲಘು ವಾಹನದ ಪರವಾನಗಿ ಇದ್ದವರು 7500 ಕೆ.ಜಿ.ಯೊಳಗಿನ ಸಾರಿಗೆ ವಾಹನ ಓಡಿಸಬಹುದು ಎಂದಿತು. ಆದರೆ ಅದೆಲ್ಲ ಓಡಿಸುವವನ ಲೈಸೆನ್ಸಿನ ಮಾತು. ಟ್ರೇಲರಿನ ನೋಂದಣಿಗೂ ವಿಮೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಲೈಸೆನ್ಸಿನ ಮಾತನ್ನು ತಂದು ಆರ್.ಸಿ.ಯ ಪ್ರಶ್ನೆಗೆ ಉತ್ತರವಾಗಿ ಕೊಟ್ಟ, ನಾನು ತಲೆಯಾಡಿಸಿ ಮನೆಗೆ ಬಂದೆ. ಇದನ್ನು ನೆನೆದಾಗಲೆಲ್ಲ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

2025ರ ಜನವರಿ. ಕಬ್ಬು ತುಂಬಿಕೊಂಡು ಕಾರ್ಖಾನೆಗೆ ಹೊರಟಿದ್ದೆ, ಸಂಜೆ ಆರೂವರೆ. ತಿರುವಿನಲ್ಲಿ ಆರ್‌ಟಿಒ ಜೀಪು ನಿಂತಿತ್ತು. ನಾನು ಧೈರ್ಯವಾಗಿಯೇ ನಿಲ್ಲಿಸಿದೆ. ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇತ್ತು, ಲೈಸೆನ್ಸ್ ಇತ್ತು, ಟ್ರ್ಯಾಕ್ಟರಿನ ಆರ್.ಸಿ. ಮತ್ತು ವಿಮೆ ಎರಡೂ ಇದ್ದವು. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಿಂದ ತೆಗೆದು ಕೊಟ್ಟೆ.

ಇನ್‌ಸ್ಪೆಕ್ಟರ್ ನೋಡಿ, "ಇದು ಇಂಜಿನ್ನಿನದು. ಹಿಂದಿನದರದ್ದು ಕೊಡಿ" ಎಂದರು.

"ಸರ್, ಕಾರ್ಡ್ ಇನ್ನೂ ಬಂದಿಲ್ಲ, ನಂಬರ್ ಬಂದಿದೆ" ಎಂದೆ.

ಅವರು ಹಿಂದೆ ಹೋಗಿ, ಹಲಗೆಯ ಮೇಲಿನ ನಂಬರನ್ನು ಮೊಬೈಲ್‌ನಲ್ಲಿ ಒತ್ತಿದರು. ಆಮೇಲೆ ಟಾರ್ಚ್ ಹಿಡಿದು ಬಗ್ಗಿ ಟ್ರೇಲರಿನ ಚಾಸಿಯ (ಅಡಿಯ ಕಬ್ಬಿಣದ ಚೌಕಟ್ಟಿನ) ಉದ್ದಕ್ಕೂ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎದ್ದು ನಿಂತು ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ನೋಂದಣಿಯಾದ ವರ್ಷ 2014 ಎಂದಿತ್ತು. ಮಾಲೀಕರ ಹೆಸರಿನ ನಡುವಿನ ಅಕ್ಷರಗಳನ್ನು ಚುಕ್ಕಿ ಇಟ್ಟು ಮರೆಮಾಡಿದ್ದರೂ ಅದು ನನ್ನ ಹೆಸರಲ್ಲ ಎಂದು ಮೊದಲ ಅಕ್ಷರದಲ್ಲೇ ತಿಳಿಯಿತು. "ನಿಮ್ಮ ಟ್ರೇಲರಿಗೆ ಚಾಸಿ ನಂಬರೇ ಹೊಡೆದಿಲ್ಲ. ಈ ನಂಬರ್ ಬೇರೆಯವರದ್ದು. ಎಲ್ಲಿಂದ ತಂದಿರಿ?" ಎಂದು ಕೇಳಿದರು.

ಎಲ್ಲಿಂದ ತಂದಿರಿ! ಕದ್ದವನನ್ನು ಕೇಳುವ ಹಾಗೆ ಕೇಳಿದರು. ತಪ್ಪು ಅವರದ್ದಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಕೇಳುತ್ತಿದ್ದೆ. ನನ್ನ ಹಿಂದೆ ನಮ್ಮೂರಿನವರದೇ ಮೂರು ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು, ಎಲ್ಲರೂ ಇಳಿದು ಬಂದು ನೋಡುತ್ತಿದ್ದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ನೋಂದಣಿಯಿಲ್ಲದ ವಾಹನವನ್ನು ತಡೆದಿಡಲು ಮೋಟಾರು ವಾಹನ ಕಾಯ್ದೆಯ 207ನೇ ಸೆಕ್ಷನ್ನಿನಲ್ಲಿ ಅಧಿಕಾರವಿದೆ. ಕಬ್ಬಿನ ಸಮೇತ ಟ್ರೇಲರ್ ಠಾಣೆಯ ಆವರಣ ಸೇರಿತು. ನಾಲ್ಕು ದಿನ. ಕಡಿದ ಕಬ್ಬು ನಾಲ್ಕು ದಿನ ನಿಂತರೆ ಏನಾಗುತ್ತದೆ ಎಂದು ಬೆಳೆದವರಿಗೆ ಹೇಳಬೇಕಿಲ್ಲ. ಬೇರೆ ಟ್ರೇಲರಿಗೆ ತುಂಬಿಸಿದ ಕೂಲಿ ಬೇರೆ.

ಆ ರಾತ್ರಿಯೇ ವರ್ಕ್‌ಶಾಪಿನವನಿಗೆ ಫೋನ್ ಮಾಡಿದೆ. "ತಮ್ಮಾ, ಪೇಂಟರ್ ಒಂದು ಅಂಕಿ ತಪ್ಪು ಬರೆದಿರಬೇಕು, ಬೆಳಿಗ್ಗೆ ನೋಡೋಣ" ಎಂದ. ಬೆಳಿಗ್ಗೆ ಹೋದೆ. "ಏಜೆಂಟ್ ನನಗೂ ಮೋಸ ಮಾಡಿದ್ದಾನೆ" ಎಂದ. ಏಜೆಂಟನ ಹೆಸರು ಹೇಳು ಎಂದೆ. ಹೇಳಲಿಲ್ಲ. ಮೂರನೆಯ ಸಲ ಅಣ್ಣನನ್ನು ಕರೆದುಕೊಂಡು ಹೋದಾಗ ಅವನ ಮಾತಿನ ವರಸೆಯೇ ಬದಲಾಗಿತ್ತು. ತಮ್ಮಾ ಹೋಯಿತು, ನೀನು ಹೋಯಿತು. "ನೀವು ಯಾರು? ನಾನು ಮಾಡಿಕೊಟ್ಟದ್ದು ಕಬ್ಬಿಣದ ಕೆಲಸ. ನಂಬರ್ ನೀವೇ ಬರೆಸಿಕೊಂಡಿದ್ದೀರಿ. ನಿಮ್ಮ ಚೀಟಿಯಲ್ಲಿ ನನ್ನ ಅಂಗಡಿಯ ಹೆಸರೆಲ್ಲಿದೆ, ತೋರಿಸಿ" ಎಂದ. ಚೀಟಿ ತೆಗೆದು ನೋಡಿದೆ. ಹೆಸರಿರಲಿಲ್ಲ. ಮೊತ್ತ, ದಿನಾಂಕ, "ಟ್ರೇಲರ್ 1" ಎಂಬ ಎರಡು ಪದ, ಅಷ್ಟೇ. ಪಾಸಿಂಗ್ ಎಂಬ ಮಾತೂ ಇರಲಿಲ್ಲ. ಅಣ್ಣ ಎದುರಿಗೆ ನಿಂತಿರುವಾಗಲೇ ನನ್ನ ಕಣ್ಣಲ್ಲಿ ನೀರು ಬಂತು.

ಆರ್‌ಟಿಒ ಕಚೇರಿಯಲ್ಲಿ ಒಬ್ಬ ಗುಮಾಸ್ತರು ಸಮಾಧಾನವಾಗಿ ತಿಳಿಸಿ ಹೇಳಿದರು. ಕಾನೂನಿನ ಕಣ್ಣಿಗೆ ಟ್ರ್ಯಾಕ್ಟರ್ ಒಂದು ವಾಹನ, ಟ್ರೇಲರ್ ಇನ್ನೊಂದು ವಾಹನ. ಅದಕ್ಕೆ ಅದರದೇ ನಂಬರ್, ಅದರದೇ ಆರ್.ಸಿ. ಬೇಕು. ನೋಂದಣಿಗೆ ಅರ್ಜಿ ನಮೂನೆ 20, ಮಾರಿದವನು ಕೊಡುವ ಮಾರಾಟ ಪ್ರಮಾಣಪತ್ರ ನಮೂನೆ 21, ತಯಾರಿಸಿದವನು ಕೊಡುವ ರಸ್ತೆಯೋಗ್ಯತೆಯ ಪ್ರಮಾಣಪತ್ರ ನಮೂನೆ 22. ಈ ಕೊನೆಯ ಎರಡನ್ನು ನನ್ನ ವರ್ಕ್‌ಶಾಪಿನವನು ಕೊಡಲಾರ. ವೆಲ್ಡಿಂಗ್ ಬಂದ ಮಾತ್ರಕ್ಕೆ ಅವನು ಟ್ರೇಲರ್ ತಯಾರಕನಾಗುವುದಿಲ್ಲ. ಅಂದರೆ ಹಣ ಇಸಿದುಕೊಂಡ ದಿನವೇ ಅವನಿಗೆ ಗೊತ್ತಿತ್ತು, ಈ ಟ್ರೇಲರ್ ಎಂದೂ ಪಾಸಿಂಗ್ ಆಗುವುದಿಲ್ಲವೆಂದು. ಗೊತ್ತಿದ್ದೇ ಹದಿನೆಂಟು ಸಾವಿರ ತೆಗೆದುಕೊಂಡ. ಗೊತ್ತಿದ್ದೇ!

ವಿಮೆಯದ್ದು ಇನ್ನೂ ಕೆಟ್ಟ ಸಂಗತಿ. ಪಾಲಿಸಿಯನ್ನು ಮನೆಗೆ ಬಂದು ಮತ್ತೆ ಓದಿದೆ. ಟ್ರೇಲರ್ ಎಂಬ ಕಾಲಂ ಖಾಲಿ. ಟ್ರ್ಯಾಕ್ಟರಿಗೆ ವಿಮೆ ಇದ್ದರೆ ಹಿಂದೆ ಕಟ್ಟಿದ್ದಕ್ಕೂ ಅದೇ ಸಾಕು ಎಂದುಕೊಂಡಿದ್ದೆ. ಸಾಲದು. ಟ್ರೇಲರನ್ನು ನಂಬರ್ ಸಮೇತ ಪಾಲಿಸಿಯಲ್ಲಿ ಬರೆಸಿ, ಅದರ ಕಂತನ್ನೂ ಕಟ್ಟಿರಬೇಕು.

2024ರ ಫೆಬ್ರುವರಿಯಲ್ಲಿ ಒಂದು ರಾತ್ರಿ ಟೈರ್ ಒಡೆದು ಮೂರು ತಾಸು ರಸ್ತೆ ಬದಿಯಲ್ಲಿ ನಿಂತಿದ್ದೆ. ಹಿಂದೆ ಕಲ್ಲಿಟ್ಟು, ಗಿಡದ ಟೊಂಗೆ ಹಾಕಿ, ಬರುವ ಬೈಕುಗಳಿಗೆಲ್ಲ ಟಾರ್ಚ್ ತೋರಿಸುತ್ತ ಕುಳಿತಿದ್ದೆ. ಅಂದು ಯಾವನಾದರೂ ಹುಡುಗ ಬಂದು ಗುದ್ದಿದ್ದರೆ? ವಿಮೆ ಕಂಪನಿ ಕೈ ಎತ್ತುತ್ತಿತ್ತು. ಪರಿಹಾರಕ್ಕೆ ನನ್ನ ಎರಡು ಎಕರೆ ಹೋಗುತ್ತಿತ್ತು. ಇನ್ನೊಂದು ಮಾತು, ಹೇಳಲು ಸಂಕಟವಾದರೂ ಹೇಳುತ್ತೇನೆ. ಕಬ್ಬು ಕಡಿಯುವ ಗ್ಯಾಂಗಿನವರನ್ನು, ಹೆಂಗಸರು ಮಕ್ಕಳ ಸಮೇತ, ಎಷ್ಟೋ ಸಂಜೆ ಖಾಲಿ ಟ್ರೇಲರಿನಲ್ಲಿ ಕೂರಿಸಿಕೊಂಡು ಬಂದಿದ್ದೇನೆ. ಟ್ರೇಲರ್ ಇರುವುದು ಮಾಲು ಹೇರಲು. ಅದರಲ್ಲಿ ಕುಳಿತವರಿಗೆ ಏನಾದರೂ ಆಗಿದ್ದರೆ ಅವರ ಮನೆಯವರಿಗೆ ನಾನು ಯಾವ ಮುಖ ತೋರಿಸುತ್ತಿದ್ದೆ? ಈಗ ಯಾರನ್ನೂ ಕೂರಿಸುವುದಿಲ್ಲ, ಎಷ್ಟು ಬೇಡಿಕೊಂಡರೂ ಕೂರಿಸುವುದಿಲ್ಲ.

ಆ ನಂಬರಿನ ನಿಜವಾದ ಮಾಲೀಕರನ್ನು ಪೊಲೀಸರು ಠಾಣೆಗೆ ಕರೆಸಿದ್ದರು. ಅರವತ್ತು ದಾಟಿದ ಹಿರಿಯರು, ಪಕ್ಕದ ತಾಲ್ಲೂಕಿನವರು. ಬೆಂಚಿನ ತುದಿಯಲ್ಲಿ ಟವೆಲ್ ಹಿಡಿದುಕೊಂಡು ಗಾಬರಿಯಲ್ಲಿ ಕುಳಿತಿದ್ದರು. ಮಾತಾಡಿಸಿದಾಗ ತಿಳಿಯಿತು: ಅವರ ಟ್ರೇಲರಿನ ಆಕ್ಸಲ್ ಮುರಿದಾಗ ರಿಪೇರಿಗೆ ಬಿಟ್ಟಿದ್ದು ಇದೇ ವರ್ಕ್‌ಶಾಪಿನಲ್ಲಿ. ಅಲ್ಲಿ ನಿಂತಿದ್ದ ಟ್ರೇಲರಿನ ನಂಬರ್ ನೋಡಿ ನನ್ನದಕ್ಕೆ ಬರೆಸಿದ್ದಾನೆ. "ನನ್ನ ಮೇಲೇನೂ ಬರುವುದಿಲ್ಲ ತಾನೇ, ಅಪ್ಪಾ?" ಎಂದು ಅವರು ನನ್ನನ್ನೇ ಕೇಳಿದರು. ನಾನು ಅವರ ಕಾಲು ಮುಟ್ಟಿದೆ.

ಟ್ರೇಲರ್ ಮಾಡಿಸುವವರು ಮೊದಲು ನಮೂನೆ 21, 22 ಕೈಗೆ ಬರಲಿ ಎನ್ನಿ, ಆಮೇಲೆ ಕೊನೆಯ ಕಂತು ಕೊಡಿ. ಚಾಸಿ ನಂಬರ್ ಕಬ್ಬಿಣದ ಮೇಲೆ ಹೊಡೆದಿದೆಯೇ ಎಂದು ಬೆರಳಿಟ್ಟು ನೋಡಿ. ನಿಮ್ಮ ನಂಬರನ್ನು ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೀವೇ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ನಾನು ಎರಡು ಹಂಗಾಮು ಆ ಎರಡು ನಿಮಿಷ ಕೊಡಲಿಲ್ಲ. ತಮ್ಮಾ ಎಂದು ಕರೆದವನ ಹತ್ತಿರವೂ ಅಂಗಡಿಯ ಹೆಸರಿರುವ ಬಿಲ್ ಕೇಳಿ. ಬಿಲ್ ಇಲ್ಲ ಎಂದರೆ ಎದ್ದು ಬನ್ನಿ.

ಮೋಸದ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಅರ್ಜಿ ಹಾಕಿದ್ದೇನೆ, ಐದು ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ಸಾಕ್ಷಿಗೆ ಆ ಬಿಳಿ ಚೀಟಿಯ ಜೊತೆ ನನ್ನ ಫೋನಿನಲ್ಲಿ ಉಳಿದಿರುವ ಅವನ ಒಂದು ಧ್ವನಿ ಸಂದೇಶವಿದೆ: "ತಮ್ಮಾ, ನಂಬರ್ ಬರೆಸಿದ್ದೇನೆ, ಬಂದು ಗಾಡಿ ತೆಗೆದುಕೊಂಡು ಹೋಗು." ಅದೊಂದನ್ನು ಅಳಿಸದೆ ಇಟ್ಟುಕೊಂಡದ್ದಷ್ಟೇ ನಾನು ಸರಿಯಾಗಿ ಮಾಡಿದ ಕೆಲಸ. 2023, 2024ರಲ್ಲಿ ನಮ್ಮ ಭಾಗದ ವರ್ಕ್‌ಶಾಪುಗಳಲ್ಲಿ ಪಾಸಿಂಗ್ ಸಮೇತ ಎಂದು ಟ್ರೇಲರ್ ಮಾಡಿಸಿದವರು ಇವತ್ತೇ ನಂಬರ್ ಪರೀಕ್ಷಿಸಿ. ನಿಮ್ಮದೂ ನನ್ನಂತೆಯೇ ಆಗಿದ್ದರೆ ದೂರು ಕೊಡಲು ಮುಂದೆ ಬನ್ನಿ. ನಾನೊಬ್ಬನೇ ಹೋದರೆ ಅವನು "ನೀವು ಯಾರು" ಎನ್ನುತ್ತಾನೆ.